ಕ್ಲೆಮ್ ಹಾರ್ಗ್ರೇವನ ತೋರುಬೆರಳು

ಕುರಾಬಿಂಗ್ ಊರಿನ ರಸ್ತೆಯಲ್ಲಿ ಎದುರಿಗೆ ಗಾಡಿ ಬಂದರೆ ಬಲಗೈಯ ತೋರುಬೆರಳನ್ನು ಸ್ಟೀರಿಂಗಿನಿಂದ ಒಂದಿಷ್ಟು ಮೇಲೆತ್ತಬೇಕು. ಅಷ್ಟೇ. ಕೈ ಬೀಸಬಾರದು, ಹಲ್ಲು ಕಿರಿಯಬಾರದು, ಹಾರ್ನ್ ಹೊಡೆಯಬಾರದು. ಒಂದು ಬೆರಳು ಎದ್ದರೆ, "ಏನಪ್ಪಾ, ಬದುಕಿದ್ದೀಯಾ? ನಾನೂ ಬದುಕಿದ್ದೀನಿ" ಎಂದು ಅರ್ಥ. ಏಳದಿದ್ದರೆ ಆ ಮನುಷ್ಯ ಸತ್ತಿದ್ದಾನೆ, ಇಲ್ಲವೇ ನಿಮ್ಮ ಮೇಲೆ ಸಿಟ್ಟಾಗಿದ್ದಾನೆ. ಇನ್ನು ಇಡೀ ಕೈ ಎತ್ತುವವರಲ್ಲಿ ಎರಡೇ ಜಾತಿ: ದಾರಿ ತಪ್ಪಿ ಬಂದ ಪಟ್ಟಣದವರು, ಮತ್ತು ಗಾಡಿಗೆ ಬೆಂಕಿ ಬಿದ್ದವರು. ಇದನ್ನು ಯಾವ ಶಾಲೆಯಲ್ಲೂ ಹೇಳಿಕೊಡುವುದಿಲ್ಲ. ಶಾಲೆಯಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಮರೆತವರೂ ಇದನ್ನು ಮರೆಯುವುದಿಲ್ಲ.

ಕ್ಲೆಮ್ ಹಾರ್ಗ್ರೇವ್ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಊರಾಚೆಯ ವಾಟಲ್ ರಸ್ತೆಯಲ್ಲಿ ಅವನ ಕುರಿ ಹಿಂಡು, ಗೋಧಿ ಹೊಲ. ಗೋಧಿ ಲಾರಿಯವನಿಗೆ, ಪಾದ್ರಿಗೆ, ಪೊಲೀಸಿನವನಿಗೆ, ತನಗೆ ದಂಡ ಹಾಕಿದ ಅದೇ ಪೊಲೀಸಿನವನಿಗೆ ದಂಡ ಕಟ್ಟಿ ಬರುವಾಗ ಕೂಡ, ಬೆರಳೆತ್ತಿದವನು ಅವನು. ಎತ್ತದೆ ಉಳಿಸಿಕೊಂಡದ್ದು ಒಬ್ಬನಿಗೆ ಮಾತ್ರ. ಅವನು ಅದೇ ರಸ್ತೆಯ ತುದಿಯಲ್ಲಿರುವ ಕೆವ್ ಟ್ರಗೀರ್.

ಕೆವ್ ಬರೀ ನೆರೆಯವನಲ್ಲ, ಷಡ್ಡಕ. ಕ್ಲೆಮ್‌ನ ಹೆಂಡತಿ ಡಲ್ಸಿ, ಕೆವ್‌ನ ಹೆಂಡತಿ ಲೋರ್ನಾ ಒಡಹುಟ್ಟಿದ ಅಕ್ಕತಂಗಿಯರು. ಊರಿನಲ್ಲಿ ಬೆಂಕಿ ಆರಿಸುವ ಸ್ವಯಂಸೇವಕರ ತಂಡಕ್ಕೆ ಕೆವ್‌ನೇ ನಾಯಕ. ಬೆನ್ನಿಗೆ ಕಟ್ಟಿಕೊಳ್ಳುವ ನೀರಿನ ಪಂಪು ಬೇಸಿಗೆಯಲ್ಲಿ ಸದಾ ಅವನ ಪಿಕಪ್ಪಿನಲ್ಲಿ ತುಂಬಿಕೊಂಡೇ ಇರುತ್ತದೆ. ಅದನ್ನು ಕಟ್ಟಿಕೊಂಡೇ ಊಟಕ್ಕೆ ಕೂರುತ್ತಾನೆ ಎಂದು ಆಗದವರು ಹೇಳುತ್ತಿದ್ದರು. ಆಗದವರು ಎಂದರೆ ಕ್ಲೆಮ್.

ಇವರ ಜಗಳ ಬೇಲಿಗಲ್ಲ, ನೀರಿಗಲ್ಲ, ಆಸ್ತಿಗಲ್ಲ. ಟೈಗೆ. ಹನ್ನೊಂದು ವರ್ಷದ ಹಿಂದೆ ಬೋಲ್ಸ್ ಕ್ಲಬ್ಬಿನ ಹುಲ್ಲಿನ ಅಂಗಳದಲ್ಲಿ ಇಬ್ಬರಿಗೂ ಫೈನಲ್ ಪಂದ್ಯ. ಪುಟ್ಟ ಬಿಳಿ ಚೆಂಡೊಂದನ್ನು ಮುಂದೆ ಬಿಟ್ಟು, ತಮ್ಮ ದಪ್ಪ ಚೆಂಡುಗಳನ್ನು ಅದರ ಹತ್ತಿರ ಉರುಳಿಸುವ ಆಟ. ಯಾರ ಚೆಂಡು ಹೆಚ್ಚು ಹತ್ತಿರ ಎಂದು ದಾರ ಹಿಡಿದು ಅಳೆಯಲು ಕೆವ್ ಬಗ್ಗಿದ. ಕುತ್ತಿಗೆಯಲ್ಲಿದ್ದ ಕ್ಲಬ್ಬಿನ ಟೈ ಜೋತುಬಿತ್ತು. ಟೈ ಬಿಳಿ ಚೆಂಡಿಗೆ ತಾಗಿತು, ಚೆಂಡು ಅಲುಗಿತು ಎಂದು ಕ್ಲೆಮ್. ತಾಗಲೇ ಇಲ್ಲ ಎಂದು ಕೆವ್. ಆ ಸಂಜೆ ಪಬ್ಬಿನ ಕಟ್ಟೆಯ ಈ ತುದಿಯಲ್ಲಿ ಕ್ಲೆಮ್ ಗುದ್ದಿ ಹೇಳಿದ: "ಅವನ ಬೆರಳು ಮೊದಲು ಏಳ್ಲಿ. ಆಮೇಲೆ ನನ್ನದು." ಅದೇ ಕಟ್ಟೆಯ ಆ ತುದಿಯಲ್ಲಿ ಕೆವ್ ಗುದ್ದಿ ಅದೇ ಮಾತು ಹೇಳಿದ. ಅಂದಿನಿಂದ ವಾಟಲ್ ರಸ್ತೆಯಲ್ಲಿ ಎರಡು ಪಿಕಪ್ಪುಗಳು ಎದುರಾದರೆ ಒಳಗೆ ಎರಡು ಕಲ್ಲಿನ ಮೂರ್ತಿಗಳು ಕೂತಿರುತ್ತಿದ್ದವು.

ಹೀಗಿರುವಾಗ ನಡುವೆ ಒಂದು ಟಗರು ಬಂತು.

ಕ್ಲೆಮ್ ಕುರಿಗಳಿಗೆ ಹುಳದ ಔಷಧಿ ಕುಡಿಸುತ್ತಿದ್ದ. ದೊಡ್ಡಿಯ ಕಬ್ಬಿಣದ ಗೇಟಿನ ಮೇಲೆ ಬಲಗೈ ಊರಿಕೊಂಡು ತನ್ನ ದೊಡ್ಡ ಟಗರಿಗೆ ಬುದ್ಧಿ ಹೇಳುತ್ತಿದ್ದ. ಟಗರಿಗೆ ಬುದ್ಧಿವಾದ ಹಿಡಿಸಲಿಲ್ಲ. ಗೇಟಿಗೆ ಗುದ್ದಿತು. ಗೇಟು ಕಂಬಕ್ಕೆ ಬಡಿಯಿತು. ನಡುವೆ ಬೆರಳಿತ್ತು.

"ಬೆರಳನ್ನ ಮೇಲೆತ್ತೋ ದಾರಾನೇ ಹರಿದಿದೆ, ಮಿಸ್ಟರ್ ಹಾರ್ಗ್ರೇವ್" ಎಂದರು ಡಾಕ್ಟರ್ ಪೆರೇರಾ. ಕೊಲಂಬೋದಿಂದ ಬಂದು ಎರಡು ವರ್ಷವಾಗಿದ್ದ ಆ ಹೆಣ್ಣುಮಗಳು ಊರಿನವರ ಹೊಟ್ಟೆ, ಬೆನ್ನು, ಮೊಣಕಾಲು ಎಲ್ಲ ಅರಿತಿದ್ದರು. ಬೆರಳಿನ ಶಾಸ್ತ್ರ ಇನ್ನೂ ತಿಳಿದಿರಲಿಲ್ಲ. "ಹೊಲಿದಿದ್ದೀನಿ. ಆರು ವಾರ ಹೀಗೇ ನೆಟ್ಟಗೆ ಇರ್ಬೇಕು. ಮಡಚಿದ್ರೆ ಕೆಟ್ಟಿತು."

ಬೆರಳಿಗೆ ಪಟ್ಟಿಯಿಟ್ಟು, ಅದರ ಮೇಲೆ ಬಿಳಿ ಬಟ್ಟೆ ಸುತ್ತಿ, ಒಳ್ಳೆ ಮೂಲಂಗಿಯ ಗಾತ್ರಕ್ಕೆ ತಂದು ಬಿಟ್ಟರು. ಗಾಡಿ ಓಡಿಸಬಹುದೇ ಎಂದು ಇವನು ಕೇಳಲಿಲ್ಲ, ಅವರು ಹೇಳಲಿಲ್ಲ. ಕುರಾಬಿಂಗಿನಲ್ಲಿ ಗಾಡಿ ಓಡಿಸಬೇಡ ಅನ್ನುವುದೂ ಉಸಿರಾಡಬೇಡ ಅನ್ನುವುದೂ ಒಂದೇ.

ಮನೆಗೆ ಹೊರಟ ಕ್ಲೆಮ್‌ನ ಕೈ ಸ್ಟೀರಿಂಗಿನ ಮೇಲೆ ಎಂದಿನ ಜಾಗದಲ್ಲೇ ಇತ್ತು. ಮೂಲಂಗಿ ಮಾತ್ರ ಬಾವುಟದ ಕಂಬದಂತೆ ನಿಂತಿತ್ತು. ಗೋಧಿ ಕಣಜ ದಾಟಿ ತಿರುವಿಗೆ ಬರುತ್ತಿದ್ದಂತೆ ಎದುರಿಗೆ ಕೆವ್‌ನ ಕೆಂಪು ಪಿಕಪ್ಪು ಕಂಡಿತು. ಕ್ಲೆಮ್ ಅಭ್ಯಾಸದಂತೆ ಮುಖ ಬಿಗಿದು ಕಲ್ಲಾದ. ಕೆಂಪು ಪಿಕಪ್ಪು ಒಮ್ಮೆ ಹೊಯ್ದಾಡಿತು, ರಸ್ತೆ ಬಿಟ್ಟಿತು, ಮತ್ತೆ ಹತ್ತಿತು. ಆಮೇಲೆ ಆಗಬಾರದ್ದು ಆಯಿತು. ಕೆವ್ ಟ್ರಗೀರನ ಬೆರಳು ಎದ್ದಿತು.

ಕ್ಲೆಮ್ ಮನೆಗೆ ನುಗ್ಗಿದ್ದು ಕುಸ್ತಿ ಗೆದ್ದ ಪೈಲ್ವಾನನ ಹಾಗೆ. "ಡಲ್ಸೀ! ಕೇಳಿಲ್ಲಿ! ಕೆವ್ ಸೋತ! ಅವನೇ ಎತ್ತಿದ!"

ಡಲ್ಸಿ ಆಗ ತಾನೇ ಫೋನ್ ಕೆಳಗಿಡುತ್ತಿದ್ದಳು. ಕಣ್ಣು ಒದ್ದೆಯಾಗಿದ್ದವು. "ಲೋರ್ನಾ ಎಲ್ಲಾ ಹೇಳಿದ್ಲು. ನಿನ್ನಂಥ ಮೊಂಡ ತಾನೇ ಮೊದಲು ಸೋಲ್ತಾನೆ ಅಂತ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ಮಾರಾಯ."

"ನಾನಾ? ನಾನೆಲ್ಲೇ ಎತ್ತಿದೆ?" ಎಂದು ಕ್ಲೆಮ್ ಕೈ ಝಾಡಿಸಿದ. ಆಗ ಮೂಲಂಗಿ ಅವನ ಮೂಗಿನ ಮುಂದೆಯೇ ಬಂದು ನಿಂತಿತು. ಅದನ್ನೇ ನೋಡಿದ. ಅದರ ಹಿಂದೆ ಡಲ್ಸಿಯ ಮುಖ ನೋಡಿದ. ಮೆಲ್ಲಗೆ ಕುರ್ಚಿ ಹುಡುಕಿ ಕೂತ.

"ಇದು ಕಟ್ಟು ಕಣೇ! ಸ್ನೇಹ ಅಲ್ಲ, ಗಾಯ!"

"ಆಯ್ತು, ಆಯ್ತು. ಗಂಡಸರಿಗೆ ಮರ್ಯಾದೆ ಉಳಿಸ್ಕೊಳ್ಳೋಕೆ ಏನಾದ್ರೂ ಒಂದು ಬೇಕಲ್ಲ" ಎಂದು ಡಲ್ಸಿ ಮೂಗು ಒರೆಸಿಕೊಂಡು ಕೇಕಿಗೆ ಮೊಟ್ಟೆ ಒಡೆಯತೊಡಗಿದಳು. "ಲೋರ್ನಾ ನಾಳೆ ಟೀಗೆ ಬರ್ತಾಳೆ. ಮುಂಬಾಗಿಲಿಂದ ಬರ್ತಾಳೆ, ಗೊತ್ತಾಯ್ತಾ? ಇಷ್ಟು ವರ್ಷ ಅಕ್ಕತಂಗೀರು ಚರ್ಚಿನ ಹಿಂದೆ ಕಳ್ಳರ ಹಾಗೆ ಸಿಕ್ಕಿದ್ದು ಸಾಕು."

ನಿಜ ಹೇಳಲು ಕ್ಲೆಮ್ ಪಬ್ಬಿಗೆ ಓಡಿದ. ಮಾತು ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಪಬ್ಬಿನ ಒಡತಿ ಮ್ಯಾವಿಸ್ ಒರೆಸುತ್ತಿದ್ದ ಗ್ಲಾಸು ಕೆಳಗಿಟ್ಟು ಕೈಮುಗಿಯುವುದೊಂದು ಬಾಕಿ.

"ಬಾರಪ್ಪಾ ಶಾಂತಿದೂತ!"

"ಮ್ಯಾವಿಸ್, ಇದು ನಾನು ಎತ್ತಿದ್ದಲ್ಲ. ಇದು ಮಡಚೋಕೇ ಬರಲ್ಲ."

"ಅಯ್ಯೋ ಪಾಪ. ಹನ್ನೊಂದು ವರ್ಷ ಅದುಮಿಟ್ಟಿದ್ದು ಒಂದೇ ಸಲ ಎದ್ರೆ ಉಳುಕದೇ ಇರುತ್ತಾ?"

"ಟಗರು ಗುದ್ದಿದ್ದು!"

"ಕೆವ್‌ನನ್ನ ಟಗರು ಅಂತ ಕರೀಬೇಡ ಇನ್ಮೇಲೆ. ರಾಜಿ ಆಯ್ತಲ್ಲ."

ಮರುದಿನದಿಂದ ಕ್ಲೆಮ್ ಉಪಾಯಗಳಿಗೆ ಇಳಿದ. ಬೆರಳಿಗೆ ಕಪ್ಪು ಕಾಲುಚೀಲ ಹಾಕಿದ. ಅದು ಬಿಳಿಗಿಂತ ದೂರದಿಂದ ಕಂಡಿತು. ಬಲಗೈ ಕಿಟಕಿಯ ಹೊರಗೆ ಇಳಿಬಿಟ್ಟು ಓಡಿಸಿದ. ಬಲಕ್ಕೆ ತಿರುಗುತ್ತಾನೆಂದು ಹಿಂದಿನ ಗಾಡಿಗಳೆಲ್ಲ ನಿಂತು ನಿಂತು, ಗೋಧಿ ಕಣಜದಿಂದ ಅಂಚೆ ಕಚೇರಿಯವರೆಗೆ ಸಾಲು ಬೆಳೆಯಿತು. ಕುರಾಬಿಂಗಿನ ಇತಿಹಾಸದಲ್ಲಿ ಗಾಡಿಗಳು ಸಾಲುಗಟ್ಟಿದ್ದು ಅದೇ ಮೊದಲು. ಕೊನೆಗೆ ಕೈ ಸೋತು, ಮೂಲಂಗಿಯನ್ನು ಅದರ ಪಾಡಿಗೆ ಬಿಟ್ಟ. ಅದು ತನ್ನ ಧರ್ಮ ಪಾಲಿಸಿತು. ಪಟ್ಟಣದವರಿಗೆ ಎದ್ದಿತು, ಅಂಚೆ ಡಬ್ಬಿಗಳಿಗೆ ಎದ್ದಿತು, ಬೇಲಿಯಾಚೆ ಮೆಲುಕು ಹಾಕುತ್ತಿದ್ದ ಹಸುಗಳಿಗೆ ಎದ್ದಿತು, ಖಾಲಿ ರಸ್ತೆಗೂ ಎದ್ದಿತು.

ಆ ವಾರವೇ ಮುದುಕ ಆಲ್ಬಿ ಸ್ಟಾನಾರ್ಡ್ ತೀರಿಕೊಂಡ. ಹೆಣದ ಗಾಡಿ ಬಂದರೆ ಪಕ್ಕಕ್ಕೆ ನಿಲ್ಲಿಸಿ ಹ್ಯಾಟು ತೆಗೆಯುವುದು ಊರಿನ ಮರ್ಯಾದೆ. ಕ್ಲೆಮ್ ನಿಲ್ಲಿಸಿದ. ಎಡಗೈಯಿಂದ ಹ್ಯಾಟು ತೆಗೆದ, ತಲೆ ತಗ್ಗಿಸಿದ. ಬಲಗೈ ಸ್ಟೀರಿಂಗಿನ ಮೇಲೆಯೇ ಇತ್ತು. ಹಿಂದಿನ ಕಾರಿನಲ್ಲಿ ಬರುತ್ತಿದ್ದ ಆಲ್ಬಿಯ ವಿಧವೆ ಅಳು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡಳು.

"ನೋಡ್ರೇ, ನೋಡ್ರೇ! ಸತ್ತವನ ಹತ್ರಾನೂ ಓಟು ಕೇಳ್ತಾ ಇದಾನೆ!"

ಕೌನ್ಸಿಲ್ ಚುನಾವಣೆಗೆ ಒಂದು ತಿಂಗಳಿತ್ತು. ಮುದುಕಿ ಹೇಳುವವರೆಗೆ ಯಾರಿಗೂ ಹೊಳೆಯದೆ ಇದ್ದದ್ದು ಆಮೇಲೆ ಎಲ್ಲರಿಗೂ ಹೊಳೆಯಿತು. ಹೌದಲ್ಲ! ಕಂಡಕಂಡವರಿಗೆ, ಶತ್ರುವಿಗೆ, ಹೆಣಕ್ಕೆ ಬೆರಳೆತ್ತುವವನು ಚುನಾವಣೆಗೆ ನಿಲ್ಲದೆ ಮತ್ತೇನು? ಎದುರಾಳಿಯೇ ಇಲ್ಲದೆ ಹತ್ತು ವರ್ಷ ಕುರ್ಚಿಯಲ್ಲಿ ಕೂತಿದ್ದ ಕೌನ್ಸಿಲ್ ಅಧ್ಯಕ್ಷ ರಾಯ್ಸ್ ಪೆಂಗೆಲ್ಲಿಗೆ ಅಂದು ರಾತ್ರಿಯ ಊಟ ಸೇರಲಿಲ್ಲ. ಬೆಳಗಾಗುತ್ತಲೇ ಕ್ಲೆಮ್‌ನ ಅಂಗಳದಲ್ಲಿ ಹ್ಯಾಟು ಕೈಯಲ್ಲಿ ಹಿಡಿದು ನಿಂತಿದ್ದ.

"ಕ್ಲೆಮ್, ನಾನು ಸುತ್ತಿಬಳಸಿ ಮಾತಾಡೋನಲ್ಲ. ನಿಂಗೇನು ಬೇಕು?"

"ನಂಗಾ? ಈ ಬೆರಳು ಇಳಿದ್ರೆ ಸಾಕಾಗಿದೆ ರಾಯ್ಸ್."

ರಾಯ್ಸ್‌ನ ಮುಖ ಅರಳಿತು. "ಇಳಿಸ್ತೀಯಾ? ದೊಡ್ಡ ಮನಸ್ಸು ನಿಂದು. ಯಾವಾಗ?"

"ಆರು ವಾರ ಆಗ್ಬೇಕಂತೆ."

"ಆರು ವಾರ? ಚುನಾವಣೆ ನಾಲ್ಕೇ ವಾರಕ್ಕಿದೆಯಲ್ಲೋ!"

"ಅದಕ್ಕೆ ನಾನೇನು ಮಾಡ್ಲಿ? ಟಗರನ್ನ ಕೇಳು."

ಈ ಟಗರು ಯಾರು, ಯಾವ ಪಕ್ಷದವನು ಎಂದು ರಾಯ್ಸ್ ಬಹಳ ಹೊತ್ತು ಯೋಚಿಸಿದ. ಗೇಟಿನಾಚೆಯ ರಸ್ತೆ ನೋಡಿದ. ಅಲ್ಲಿ ಒಂದೊಂದು ಗುಂಡಿಯಲ್ಲಿ ಒಂದೊಂದು ಕುರಿ ಮಲಗಿಸಬಹುದಿತ್ತು.

"ಈ ರಸ್ತೆ ತುಂಬಾ ಕೆಟ್ಟಿದೆ, ಅಲ್ವಾ?"

"ಅದನ್ನೇ ಅಲ್ವೇನಯ್ಯಾ ನಾನು ವರ್ಷ ವರ್ಷ ನಿನ್ನ ಕಚೇರಿಗೆ ಬಂದು ಬಡ್ಕೊಂಡಿದ್ದು! ಕಿವಿಗೆ ಏನು ಹಾಕ್ಕೊಂಡಿದ್ದೆ?"

ಎರಡು ದಿನದೊಳಗೆ ವಾಟಲ್ ರಸ್ತೆಗೆ ಕೌನ್ಸಿಲ್‌ನ ಹಳದಿ ಯಂತ್ರ ಬಂತು. ಗುಂಡಿಗಳು ಮುಚ್ಚಿದವು, ಜಲ್ಲಿ ಬಿತ್ತು, ಎರಡೂ ಬದಿಗೆ ಚರಂಡಿ ತೋಡಿದರು. ಎಂಥ ಚರಂಡಿ ಎಂದರೆ, ಒಳಗೆ ಕ್ಲೆಮ್ ನಿಂತರೆ ಹ್ಯಾಟು ಮಾತ್ರ ಕಾಣುವಷ್ಟು ಆಳ. ಮಳೆಯೇ ಅಪರೂಪವಾದ ಊರಿಗೆ ಇಷ್ಟು ಆಳ ಯಾಕಪ್ಪಾ ಎಂದು ಕ್ಲೆಮ್ ಕೇಳಿದ. ಯಂತ್ರದವನು ಸಿಗರೇಟು ಹಚ್ಚಿ, "ಅಧ್ಯಕ್ಷರು ಹೇಳಿದಾರೆ, ಹಾರ್ಗ್ರೇವರಿಗೆ ಏನೂ ಕಮ್ಮಿ ಮಾಡ್ಬೇಡ ಅಂತ" ಎಂದ.

ಚುನಾವಣೆ ಬಂತು, ಹೋಯಿತು. ನಿಂತವನು ರಾಯ್ಸ್ ಒಬ್ಬನೇ, ಗೆದ್ದವನೂ ಅವನೇ. ಕ್ಲೆಮ್‌ನನ್ನು ತಾನು ಹೇಗೆ ಸಂಭಾಳಿಸಿದೆ ಎಂದು ಇಂದಿಗೂ ಹೇಳಿಕೊಂಡು ತಿರುಗುತ್ತಾನೆ.

ಇಷ್ಟರಲ್ಲಿ ಒಂದು ವಿಚಿತ್ರ ನಡೆದಿತ್ತು. ಕ್ಲೆಮ್‌ಗೆ ಸುಖ ಹತ್ತಿತ್ತು. ಲೋರ್ನಾ ಮುಂಬಾಗಿಲಿಂದ ಬರುತ್ತಿದ್ದಳು, ಬಂದಾಗಲೆಲ್ಲ ಡಲ್ಸಿ ಕೇಕು ಮಾಡುತ್ತಿದ್ದಳು, ಅಡುಗೆಮನೆಯಲ್ಲಿ ಅಕ್ಕತಂಗಿಯರ ನಗು ಸಂಜೆಯವರೆಗೆ ಕೇಳುತ್ತಿತ್ತು. ಶನಿವಾರ ಬೋಲ್ಸ್ ಕ್ಲಬ್ಬಿನಲ್ಲಿ ಚೆಂಡು ಹಿಡಿಯಲಾಗದ ಕ್ಲೆಮ್ ಬೆಂಚಿನ ಒಂದು ತುದಿಯಲ್ಲಿ ಕೂತರೆ, ಇನ್ನೊಂದು ತುದಿಗೆ ಕೆವ್ ಬಂದು ಕೂರುತ್ತಿದ್ದ. ಮಾತಿಲ್ಲ. ಬೆರಳೇ ಮೊದಲು ಏಳುವುದಿಲ್ಲ ಎಂದು ಆಣೆಯಿದ್ದ ಮೇಲೆ ಬಾಯಿ ಮೊದಲು ತೆರೆದೀತೇ? ಆದರೆ ಕೆವ್ ಮಾಂಸದ ಕಡುಬಿನ ತಟ್ಟೆಯನ್ನು ಬೆಂಚಿನ ಮೇಲೆ ಇಷ್ಟಿಷ್ಟೇ ಈಚೆ ತಳ್ಳುತ್ತಿದ್ದ. ಕ್ಲೆಮ್ ಅಂಗಳವನ್ನೇ ನೋಡುತ್ತಾ, ತಟ್ಟೆ ತಾನಾಗಿ ನಡೆದು ಬಂದಂತೆ, ಒಂದು ಕಡುಬು ಎತ್ತಿ ತಿನ್ನುತ್ತಿದ್ದ. ರಸ್ತೆಯಲ್ಲಿ ದಿನಾ ಕೆವ್‌ನ ಬೆರಳು ಏಳುತ್ತಿತ್ತು. ಮೂಲಂಗಿಯಂತೂ ಎದ್ದೇ ಇತ್ತು. ರಾಜಿಯೂ ಆಗಿತ್ತು, ಆಣೆಯೂ ಮುರಿದಿರಲಿಲ್ಲ. ಇದಕ್ಕಿಂತ ಮನುಷ್ಯನಿಗೆ ಏನು ಬೇಕು?

ಆದರೆ ಕಟ್ಟು ಬಿಚ್ಚುವ ದಿನ ಬರದೆ ಇರುತ್ತದೆಯೇ? ಊರಿಗೆಲ್ಲ ಅದೇ ಮಾತು. ಬರಿ ಬೆರಳು ಕೆವ್‌ನ ಮುಂದೆ ಎದ್ದರೆ ರಾಜಿ, ಏಳದಿದ್ದರೆ ಮತ್ತೆ ಹನ್ನೊಂದು ವರ್ಷ. ಡಲ್ಸಿ ಅಂದು ಬೆಳಿಗ್ಗೆ ಬಾಗಿಲಲ್ಲೇ ತಡೆದಳು.

"ನೋಡು ಕ್ಲೆಮ್. ಇವತ್ತು ವಾಪಸ್ಸು ಬರುವಾಗ ಆ ಬೆರಳು ಏಳ್ಬೇಕು. ಅದು ಏಳ್ಲಿಲ್ಲ ಅಂದ್ರೆ ನಾಳೆಯಿಂದ ನಾನೂ ಹಾಸಿಗೆಯಿಂದ ಏಳಲ್ಲ. ಕುರಿಗೂ ನೀನೇ, ಕೋಳಿಗೂ ನೀನೇ, ನಿನ್ನ ಹೊಟ್ಟೆಗೂ ನೀನೇ."

ಕ್ಲೆಮ್ ಡಾಕ್ಟರ ಮುಂದೆ ಕೂತು ಕೈ ಹಿಂದಕ್ಕೆ ಎಳೆದುಕೊಂಡ. "ಇನ್ನೊಂದಷ್ಟು ದಿನ ಇರ್ಲಿ ಡಾಕ್ಟರೇ."

"ಯಾಕೆ? ನೋವಿದೆಯಾ?"

"ಈಗಿಲ್ಲ. ಬಿಚ್ಚಿದ್ಮೇಲೆ ಶುರುವಾಗುತ್ತೆ."

ಡಾಕ್ಟರ್ ಪೆರೇರಾ ಕತ್ತರಿ ಹಾಕಿಯೇ ಬಿಟ್ಟರು. ಮೂಲಂಗಿಯೊಳಗಿಂದ ಬಿಳಚಿಕೊಂಡ, ಸಣಕಲಾದ ಬೆರಳೊಂದು ಹೊರಬಂತು. "ನಿಧಾನಕ್ಕೆ ಕೆಲಸ ಕೊಡಿ" ಎಂದರು. ಇನ್ನೂ ಏನೋ ಹೇಳುತ್ತಿದ್ದರು. ಕ್ಲೆಮ್ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಊರಿನ ಬೀದಿಯಲ್ಲಿ ಅಂದು ಎಲ್ಲರಿಗೂ ಹೊರಗೆ ಕೆಲಸವಿತ್ತು. ಮ್ಯಾವಿಸ್ ಒರೆಸಿದ ಕಿಟಕಿಯನ್ನೇ ಮತ್ತೆ ಒರೆಸುತ್ತಿದ್ದಳು. ಪಾದ್ರಿ ಗಿಡವಿಲ್ಲದ ಕುಂಡಕ್ಕೆ ನೀರು ಹಾಕುತ್ತಿದ್ದರು. ಕ್ಲೆಮ್ ಯಾರಿಗೂ ಬೆರಳೆತ್ತಲಿಲ್ಲ. ಇದ್ದ ಒಂದು ಬೆರಳನ್ನು ಸುಮ್ಮನೆ ಸವೆಸುವುದು ಬೇಡವೆಂದು ತಡೆದುಕೊಂಡಿದ್ದ.

ಕಣಜ ದಾಟಿದ. ತಿರುವು ಬಂತು. ಕೆಂಪು ಪಿಕಪ್ಪು ಬಂತು.

ಎತ್ತಲೋ ಬೇಡವೋ? ಟೈ ತಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಕೇಕು? ಕಡುಬು? ಮುಂಬಾಗಿಲಿಂದ ಬರುವ ನಾದಿನಿ? ಹಾಳಾಗಿ ಹೋಗಲಿ ಟೈ ಎಂದು ಕ್ಲೆಮ್ ಹಲ್ಲು ಕಚ್ಚಿ ಬೆರಳಿಗೆ ಅಪ್ಪಣೆ ಕೊಟ್ಟ.

ಬೆರಳು ಏಳಲಿಲ್ಲ.

ಇನ್ನೊಮ್ಮೆ ಅಪ್ಪಣೆ ಕೊಟ್ಟ. ಅದು ಸತ್ತ ಹುಳದಂತೆ ಸ್ಟೀರಿಂಗಿಗೆ ಅಂಟಿಕೊಂಡಿತ್ತು. ಡಾಕ್ಟರು ಹೇಳುತ್ತಿದ್ದದ್ದು ಅದನ್ನೇ: ಕೆಲವು ದಿನ ಅದು ತಾನಾಗಿ ಏಳುವುದಿಲ್ಲ ಎಂದು. ಎದುರಿಗೆ ಕೆವ್‌ನ ಬೆರಳೂ ಎದ್ದಿರಲಿಲ್ಲ. ಅವನ ಎರಡು ಕಣ್ಣು ಕ್ಲೆಮ್‌ನ ಕೈಯ ಮೇಲಿದ್ದವು. ಗಾಡಿಗಳು ಹತ್ತಿರವಾದವು. "ಏಳೋ ದರಿದ್ರವೇ!" ಎಂದು ಕ್ಲೆಮ್ ಕಿರುಚಿದ. ಬೇರೆ ದಾರಿ ಕಾಣದೆ ಸ್ಟೀರಿಂಗ್ ಬಿಟ್ಟು ಇಡೀ ಕೈ ಎತ್ತಿಬಿಟ್ಟ. ಒಂದು ಸಾಲದೆ ಎರಡನ್ನೂ ಎತ್ತಿದ.

ಪಿಕಪ್ಪು ಅವನಿಗಾಗಿಯೇ ತೋಡಿದ್ದ ಚರಂಡಿಗೆ ಇಳಿಯಿತು.

ದೂಳು ಇಳಿಯುವ ಮೊದಲೇ ಬೂಟಿನ ಸದ್ದು ಕೇಳಿತು. ಕ್ಲೆಮ್ ಬಾಗಿಲು ತೆರೆದು ತಲೆ ಹೊರಗೆ ಹಾಕಿದ್ದೇ ತಡ, ಮುಖಕ್ಕೆ ರಪ್ಪೆಂದು ನೀರು ಬಡಿಯಿತು. ಕೆವ್ ಪಂಪು ಬೆನ್ನಿಗೇರಿಸಿಕೊಂಡು ಚರಂಡಿಯ ಅಂಚಿನಲ್ಲಿ ನಿಂತು ಬಾನೆಟ್ಟಿಗೆ, ಸೀಟಿಗೆ, ಕ್ಲೆಮ್‌ಗೆ ಭೇದವಿಲ್ಲದೆ ಹೊಡೆಯುತ್ತಿದ್ದ.

"ಬೆಂಕಿ ಎಲ್ಲೋ? ಇಂಜಿನ್ನಾ? ವೈರಾ? ಹೇಳೋ ಬೇಗ!"

"ಬೆಂಕಿ ಇಲ್ಲ ಕಣೋ!" ಕ್ಲೆಮ್ ನೀರು ಉಗುಳುತ್ತಾ ಕೂಗಿದ. "ನಿಲ್ಸೋ! ಬೆಂಕಿ ಇಲ್ಲ!"

"ಮತ್ತೆ ಕೈ ಯಾಕೆ ಎತ್ತಿದೆ?"

"ಬೆರಳು ಏಳ್ಲಿಲ್ಲ ಅದಕ್ಕೆ!"

ಕೆವ್ ಪಂಪು ನಿಲ್ಲಿಸಿದ. ಹನ್ನೊಂದು ವರ್ಷದ ಮೇಲೆ ಆಡಿದ ಮೊದಲ ಮಾತುಗಳು ಇವು ಎಂಬುದು ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಇಬ್ಬರೂ ಬೇರೆ ಬೇರೆ ದಿಕ್ಕು ನೋಡಿದರು.

"ಹತ್ತು ಮೇಲೆ" ಎಂದು ಕೆವ್ ಕೈ ಕೊಟ್ಟ.

ಕ್ಲೆಮ್ ಅಂಚಿನಲ್ಲಿ ಕೂತು ಅಂಗಿ ಹಿಂಡಿದ. ಕೆವ್ ತನ್ನ ಪಿಕಪ್ಪಿನಿಂದ ಸರಪಳಿ ತೆಗೆಯತೊಡಗಿದ. ಇನ್ನು ನಿಜ ಮುಚ್ಚಿಟ್ಟು ಏನು ಪ್ರಯೋಜನ ಎನಿಸಿತು ಕ್ಲೆಮ್‌ಗೆ.

"ನೋಡು ಕೆವ್. ಆ ಮೊದಲ ದಿನ ನಾನು ನಿಂಗೆ ಬೆರಳೆತ್ತಿರ್ಲಿಲ್ಲ. ಅದು ಬರೀ ಕಟ್ಟು."

"ಗೊತ್ತು."

"ಗೊತ್ತಾ?"

"ನಂಗೇನು ಕಣ್ಣು ಕಾಣಲ್ವಾ? ತೊಲೆ ಗಾತ್ರದ ಬಿಳಿ ಬಟ್ಟೆ ಸುತ್ತಿಕೊಂಡು ಬಂದ್ರೆ ಆಕಾಶದಲ್ಲಿ ಹಾರೋ ಹದ್ದಿಗೂ ಕಾಣುತ್ತೆ."

"ಮತ್ತೆ ನೀನು ಯಾಕೆ ಎತ್ತಿದೆ?"

ಕೆವ್ ಸರಪಳಿಯ ಕೊಂಡಿಯನ್ನು ಬಹಳ ಹೊತ್ತು ಪರೀಕ್ಷೆ ಮಾಡಿದ. ಕೊಂಡಿಗೆ ಏನೂ ಆಗಿರಲಿಲ್ಲ. "ಡಲ್ಸಿಯ ಕೇಕು ನಮ್ಮ ಮನೆಗೂ ಬರ್ತಿತ್ತು ಕಣೋ, ಮೊದಲೆಲ್ಲ" ಎಂದ.

ಕ್ಲೆಮ್ ಅಂಗಿ ಹಿಂಡುವುದನ್ನು ನಿಲ್ಲಿಸಿದ. ಆಮೇಲೆ ಮೆಲ್ಲಗೆ ಅವನ ಮುಖಕ್ಕೆ ಬೆಳಕು ಬಂತು. ಎದ್ದು ನಿಂತ.

"ಹಾಗಾದ್ರೆ ಮೊದಲು ಎತ್ತಿದ್ದು ನೀನೇ! ಕಟ್ಟು ಅಂತ ಗೊತ್ತಿದ್ದೂ ಎತ್ತಿದೆ! ಗೆದ್ದೆ ಕಣೋ ನಾನು!"

"ಏನ್ ಗೆಲ್ತೀಯೋ ಬೋಳೀಮಗನೆ! ನಾನು ಎತ್ತಿದ್ದು ಒಂದೇ ಬೆರಳು. ನೀನು ಇವತ್ತು ಎತ್ತಿದ್ದು ಎಷ್ಟು? ಹತ್ತು! ಎಣಿಸ್ಕೋ!"

"ಅದು ಬೇರೆ!"

"ಏನೂ ಬೇರೆ ಅಲ್ಲ. ಮತ್ತೆ ಕೇಳು, ನನ್ನ ಟೈ ತಾಗಿರ್ಲಿಲ್ಲ."

"ತಾಗಿತ್ತು!"

ಅಷ್ಟರಲ್ಲಿ ಗೋಧಿ ಲಾರಿಯೊಂದು ಬಂತು. ಚರಂಡಿಯಲ್ಲಿ ಮೂಗು ತೂರಿಸಿದ ಪಿಕಪ್ಪು, ಬೆನ್ನಿಗೆ ಪಂಪು ಕಟ್ಟಿಕೊಂಡವನೊಬ್ಬ, ಪಕ್ಕದಲ್ಲಿ ನೀರಿಳಿಯುತ್ತಾ ನಿಂತವನೊಬ್ಬ, ಇಬ್ಬರೂ ಮೂಗಿಗೆ ಮೂಗು ಹಚ್ಚಿ ಕಿರುಚುತ್ತಿರುವುದು, ಎಲ್ಲವನ್ನೂ ಲಾರಿಯವನು ನೋಡಿದ. ಕುರಾಬಿಂಗಿನವನಾದ್ದರಿಂದ ಏನೂ ಕೇಳಲಿಲ್ಲ. ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿದ.

ಕೆವ್ ಬೈಗುಳ ನಿಲ್ಲಿಸದೆಯೇ ಬೆರಳೆತ್ತಿದ. ಕ್ಲೆಮ್ ಎಡಗೈಯಿಂದ ತನ್ನ ಬಲಗೈಯ ತೋರುಬೆರಳನ್ನು ಹಿಡಿದು, ನಿದ್ದೆಗಣ್ಣಿನ ಕುರಿಮರಿಯ ತಲೆ ಎತ್ತುವ ಹಾಗೆ ಮೆಲ್ಲಗೆ ಮೇಲೆತ್ತಿ, ಲಾರಿ ಮರೆಯಾಗುವವರೆಗೆ ಹಿಡಿದುಕೊಂಡು ನಿಂತ.

"ತಾಗಿತ್ತು" ಎಂದ ಮತ್ತೆ, ಬೆರಳು ಬಿಟ್ಟು. "ಸರಪಳಿ ಇತ್ತ ಕೊಡು. ಟೀ ಹೊತ್ತಾಯ್ತು. ಡಲ್ಸಿ ಕಾಯ್ತಿರ್ತಾಳೆ, ನೀನೂ ಬಾ."